ಹಲಗೆಯ ಮೇಲೆ ಕೆತ್ತಿದ ಅಕ್ಷರ: ಚೀನಾದ ಮುಸ್ಲಿಮರು ಮತ್ತು ಮುದ್ರಣದ ಇತಿಹಾಸ

ಚೀನಾ ಎಂಬ ಹೆಸರು ನಮ್ಮ ಧಾರ್ಮಿಕ ವೇದಿಕೆಗಳಲ್ಲಿ ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ ಕೇಳಿಬರುತ್ತದೆ. ವಿದ್ಯೆಯನ್ನು ಅರಸಿ ಅಷ್ಟು ದೂರವಾದರೂ ಹೋಗಬೇಕು ಎಂಬರ್ಥದ ಮಾತೊಂದನ್ನು ಪ್ರವಾದಿವಚನವೆಂದು ಉಲ್ಲೇಖಿಸುವುದು ಭಾಷಣಕಾರರ ರೂಢಿ. ಅದರ ಸನದನ್ನು ಪರಿಶೀಲಿಸಿದ ಹದೀಸ್ ವಿದ್ವಾಂಸರು ಅದು ತೀರಾ ದುರ್ಬಲವೆಂದೂ, ಅವರಲ್ಲಿ ಕೆಲವರು ಅದು ಕಟ್ಟುಮಾತೇ ಎಂದೂ ಹೇಳಿದ್ದಾರೆ. ಆ ಚರ್ಚೆಯನ್ನು ನಾವು ಇಲ್ಲಿ ಬೆಳೆಸುವುದಿಲ್ಲ. ಮದ್ರಸದಲ್ಲಿ ಪಾಠ ಹೇಳುವ ನಮಗೆ ಬಹುಕಾಲದಿಂದ ಇದ್ದ ಕುತೂಹಲ ಬೇರೆ. ಆ ದೂರದ ನಾಡಿನಲ್ಲಿಯೇ ಹುಟ್ಟಿ, ಅಲ್ಲಿಯ ಭಾಷೆಯನ್ನೇ ಆಡುತ್ತ ಬಾಳಿದ ಮುಸ್ಲಿಮರು ಯಾವ ಗ್ರಂಥಗಳನ್ನು ಓದಿದರು? ಅವುಗಳನ್ನು ಅಚ್ಚು ಹಾಕಿದವರು ಯಾರು? ಕಾಗದವನ್ನೂ ಮುದ್ರಣವನ್ನೂ ಜಗತ್ತಿಗೆ ಕೊಟ್ಟ ದೇಶದಲ್ಲಿ ಒಂದು ಸಣ್ಣ ಸಮುದಾಯದ ದೀನೀ ಗ್ರಂಥಗಳಿಗೆ ಎಂತಹ ಗತಿ ಒದಗಿತು?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗ ನಮಗೆ ಮೊದಲು ಎದುರಾದವನು ಹಾಯ್ ಫುರುನ್ ಎಂಬ ವಿದ್ಯಾರ್ಥಿ.

ಕ್ರಿ.ಶ. 1782, ಅಂದರೆ ಹಿಜರಿ 1196. ಚೀನಾದ ದಕ್ಷಿಣ ತುದಿಯಲ್ಲಿರುವ ಹಾಯ್‌ನಾನ್ ದ್ವೀಪದ ಈ ಯುವಕ ಕೆಲವು ವರ್ಷಗಳ ಹಿಂದೆ ಮನೆ ಬಿಟ್ಟು, ಪ್ರಾಂತದಿಂದ ಪ್ರಾಂತಕ್ಕೆ ಅಲೆದು, ವಾಯವ್ಯದ ಶಾನ್‌ಶಿಯವರೆಗೂ ಹೋಗಿ ದೀನೀ ವಿದ್ಯಾಭ್ಯಾಸ ಮಾಡಿದ್ದ. ಊರಿಗೆ ಮರಳುವಾಗ ಗುವಾಂಗ್‌ಶಿ ಪ್ರಾಂತದ ಗುಯ್‌ಲಿನ್ ಪಟ್ಟಣದಲ್ಲಿ ಅಧಿಕಾರಿಗಳು ಅವನನ್ನು ತಡೆದು ಗಂಟನ್ನು ಬಿಚ್ಚಿಸಿದರು. ಅದರಲ್ಲಿ ಬೆಳ್ಳಿಯಿರಲಿಲ್ಲ, ಆಯುಧವಿರಲಿಲ್ಲ. ಕೈಯಿಂದ ನಕಲು ಮಾಡಿದ ಅರಬಿ ಲಿಪಿಯ 21 ಪುಸ್ತಕಗಳಿದ್ದವು. ಜೊತೆಗೆ ಚೀನೀ ಭಾಷೆಯಲ್ಲಿ ಅಚ್ಚಾದ ಕೆಲವು ಗ್ರಂಥಗಳಿದ್ದವು. ಅವುಗಳಲ್ಲೊಂದು ಪ್ರವಾದಿ ಮುಹಮ್ಮದ್(ಸ)ರ ಜೀವನ ಚರಿತ್ರೆ.

ಹಿಂದಿನ ವರ್ಷವಷ್ಟೇ, 1781ರಲ್ಲಿ, ಗಾನ್ಸು ಪ್ರಾಂತದಲ್ಲಿ ಮುಸ್ಲಿಮರ ಒಂದು ಪಂಗಡ ದಂಗೆಯೆದ್ದು, ಸರಕಾರ ಅದನ್ನು ರಕ್ತದಲ್ಲಿ ಅಡಗಿಸಿತ್ತು. ಅಧಿಕಾರಿಗಳ ಕಣ್ಣಿಗೆ ಓದಲಾಗದ ಲಿಪಿಯ ಪ್ರತಿಯೊಂದು ಹಾಳೆಯೂ ಪಿತೂರಿಯಂತೆ ಕಾಣುತ್ತಿದ್ದ ಕಾಲವದು. ಗುವಾಂಗ್‌ಶಿಯ ಪ್ರಾಂತಾಧಿಪತಿ ಝು ಚುನ್ ಆ ಯುವಕನನ್ನು ಸೆರೆಯಲ್ಲಿಟ್ಟು ಚಕ್ರವರ್ತಿಗೆ ವರದಿ ಕಳುಹಿಸಿದ. ಅಷ್ಟಕ್ಕೇ ನಿಲ್ಲದೆ ಇತರ ಪ್ರಾಂತಗಳಿಗೂ ಪತ್ರ ಬರೆದು, ಆ ಪುಸ್ತಕಗಳ ಮುದ್ರಕರನ್ನೂ ಮುನ್ನುಡಿಕಾರರನ್ನೂ ಪತ್ತೆಹಚ್ಚಿ, ಮುದ್ರಣದ ಹಲಗೆಗಳನ್ನು ವಶಪಡಿಸಿಕೊಳ್ಳಬೇಕೆಂದು ಕೋರಿದ. ಬಹುದೂರದ ನಾನ್‌ಜಿಂಗ್ ನಗರದಲ್ಲಿ ಯುವಾನ್ ಗುವೊಝುವೊ ಎಂಬ ಮುಸ್ಲಿಮ್ ಪ್ರಕಾಶಕರ ಬಂಧನವಾಯಿತು. ಪ್ರವಾದಿ(ಸ)ರ ಜೀವನ ಚರಿತ್ರೆಯನ್ನು ಹಲಗೆಗಳ ಮೇಲೆ ಕೆತ್ತಿಸಿ ಅಚ್ಚು ಹಾಕಿಸಿದವರು ಅವರೇ.

ಯುವಾನ್ ಮತ್ತು ಹಾಯ್ ಫುರುನ್ ಇಬ್ಬರನ್ನೂ ಸದ್ಯಕ್ಕೆ ಸೆರೆಯಲ್ಲಿಯೇ ಬಿಟ್ಟು, ಅಧಿಕಾರಿಗಳು ಪುಸ್ತಕದಷ್ಟೇ ಆತುರದಿಂದ ಹಲಗೆಗಳನ್ನು ಹುಡುಕಿದ್ದೇಕೆ ಎಂಬುದನ್ನು ನೋಡೋಣ. ಚೀನಾದ ಗ್ರಂಥೋದ್ಯಮದ ಗುಟ್ಟೆಲ್ಲ ಅಲ್ಲಿಯೇ ಇದೆ.

ಕಾಗದ ಚೀನಾದ ಕೊಡುಗೆಯೆಂಬುದು ಎಲ್ಲರಿಗೂ ತಿಳಿದ ವಿಷಯ. ಕ್ರಿ.ಶ. 751ರ ತಲಾಸ್ ಯುದ್ಧದಲ್ಲಿ ಸೆರೆಸಿಕ್ಕ ಚೀನೀಯರು ಸಮರ್ಕಂದ್‌ನಲ್ಲಿ ಕಾಗದದ ಕುಶಲತೆಯನ್ನು ಮುಸ್ಲಿಮರಿಗೆ ಕಲಿಸಿದರೆಂದು ಹಳೆಯ ಅರಬಿ ಲೇಖಕರು ಬರೆದಿದ್ದಾರೆ. ಮಧ್ಯ ಏಷ್ಯಾಕ್ಕೆ ಕಾಗದ ಅದಕ್ಕೂ ಮೊದಲೇ ಬಂದಿತ್ತೆಂದು ಇಂದಿನ ಇತಿಹಾಸಕಾರರು ಹೇಳುತ್ತಾರೆ. ಹೇಗಿದ್ದರೂ ಅದೇ ಶತಮಾನ ಮುಗಿಯುವುದರೊಳಗೆ ಬಗ್ದಾದಿನಲ್ಲಿ ಕಾಗದದ ಕಾರ್ಖಾನೆ ಇತ್ತು. ಹದೀಸ್ ಸಂಗ್ರಹಗಳೂ ಫಿಕ್ಹ್ ಗ್ರಂಥಗಳೂ ಆ ಕಾಗದದ ಮೇಲೆಯೇ ಹರಡಿದವು. ಆದರೆ ಕಾಗದವನ್ನು ಆದರದಿಂದ ಸ್ವೀಕರಿಸಿದ ಮುಸ್ಲಿಮ್ ಜಗತ್ತು ಅದರ ಜೊತೆಗಿದ್ದ ಮುದ್ರಣವನ್ನು ಮಾತ್ರ ಸಾವಿರ ವರ್ಷಗಳ ಕಾಲ ಹೊಸ್ತಿಲಾಚೆಗೇ ನಿಲ್ಲಿಸಿತು. ಗ್ರಂಥವೆಂದರೆ ಕೈಬರಹ ಎಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿತ್ತು.

ಚೀನಾದಲ್ಲಿ ಕ್ರಿ.ಶ. 868ರ ತಾರೀಖು ಹೊತ್ತ ಅಚ್ಚಾದ ಬೌದ್ಧ ಗ್ರಂಥವೊಂದು ಇಂದಿಗೂ ಉಳಿದಿದೆ. ಅದರ ಮುದ್ರಣ ವಿಧಾನ ನೋಡಲು ಸರಳ. ಲಿಪಿಕಾರನು ತೆಳುವಾದ ಹಾಳೆಯ ಮೇಲೆ ಕುಂಚದಿಂದ ಅಂದವಾಗಿ ಬರೆಯುತ್ತಾನೆ. ಆ ಹಾಳೆಯನ್ನು ನಯಗೊಳಿಸಿದ ಮರದ ಹಲಗೆಗೆ ಬರಹದ ಮುಖ ಕೆಳಗಾಗುವಂತೆ ಅಂಟಿಸುತ್ತಾರೆ. ಆಗ ಅಕ್ಷರ ತಿರುವುಮುರುವಾಗಿ ಕಾಣುತ್ತದೆ. ಅಕ್ಷರದ ಗೆರೆಗಳನ್ನು ಉಳಿಸಿ ಸುತ್ತಲಿನ ಮರವನ್ನು ಕೆತ್ತಿ ತೆಗೆದರೆ ಹಲಗೆ ಸಿದ್ಧ. ಅದಕ್ಕೆ ದೀಪದ ಕಾಡಿಗೆಯಿಂದ ಮಾಡಿದ ಮಸಿ ಸವರಿ, ಮೇಲೆ ಕಾಗದವಿಟ್ಟು ಒಣಕುಂಚದಿಂದ ಮೃದುವಾಗಿ ಉಜ್ಜಿದರೆ ಪುಟ ಮೂಡುತ್ತದೆ. ಭಾರವಾದ ಯಂತ್ರ ಬೇಡ, ಸೀಸ ಕರಗಿಸುವ ಕುಲುಮೆ ಬೇಡ. ಚೀನಾದಲ್ಲಿ ನೆಲೆಸಿದ್ದ ಇಟಲಿಯ ಪಾದ್ರಿ ಮ್ಯಾಟಿಯೊ ರಿಚಿ, ಪಳಗಿದ ಮುದ್ರಕನೊಬ್ಬ ದಿನಕ್ಕೆ 1500 ಪ್ರತಿಗಳನ್ನು ತೆಗೆಯಬಲ್ಲನೆಂದು ಬೆರಗಿನಿಂದ ದಾಖಲಿಸಿದ್ದಾನೆ. ಕೆತ್ತುವವರು ಓದುಬರಹ ಬಲ್ಲವರೇ ಆಗಿರಬೇಕೆಂಬ ನಿಯಮವೂ ಇರಲಿಲ್ಲ. ಗುವಾಂಗ್‌ಡಾಂಗ್ ಪ್ರಾಂತದ ಮಾಗಾಂಗ್ ಎಂಬ ಹಳ್ಳಿಯಲ್ಲಿ ಹೆಂಗಸರೂ ಹುಡುಗಿಯರೂ ಮನೆಯಲ್ಲಿ ಕುಳಿತು ಹಲಗೆ ಕೆತ್ತಿ ಕೂಲಿ ಪಡೆಯುತ್ತಿದ್ದರು.

ಬಿಡಿ ಅಕ್ಷರಗಳನ್ನು ಜೋಡಿಸಿ ಅಚ್ಚು ಹಾಕುವ ಕ್ರಮವೂ ಚೀನಾದಲ್ಲಿಯೇ ಹುಟ್ಟಿತು. 1040ರ ದಶಕದಲ್ಲಿ ಬಿ ಶೆಂಗ್ ಎಂಬ ಸಾಮಾನ್ಯನು ಸುಟ್ಟ ಮಣ್ಣಿನಿಂದ ಅಂತಹ ಅಕ್ಷರಗಳನ್ನು ಮಾಡಿದನು. ಯೂರೋಪಿನಲ್ಲಿ ಗುಟೆನ್‌ಬರ್ಗ್ ಹುಟ್ಟಲು ಇನ್ನೂ ಮೂರೂವರೆ ಶತಮಾನ ಬಾಕಿಯಿತ್ತು. ಆದರೂ ಚೀನೀಯರು ಹಲಗೆಯನ್ನು ಬಿಡಲಿಲ್ಲ. ಕಾಂಗ್‌ಶಿ ಚಕ್ರವರ್ತಿಯ ಕಾಲದ ನಿಘಂಟಿನಲ್ಲಿ 47 ಸಾವಿರದಷ್ಟು ಅಕ್ಷರಗಳಿವೆ. ಅಂತಹ ಲಿಪಿಗೆ ಬಿಡಿ ಅಚ್ಚುಮೊಳೆಗಳನ್ನು ಮಾಡಿಸುವುದು, ಅವನ್ನು ಹುಡುಕಿ ಜೋಡಿಸಿ ಮತ್ತೆ ಬೇರ್ಪಡಿಸುವುದು ಅರಮನೆಗಳಿಗಷ್ಟೇ ಸಾಧ್ಯವಾದ ವೈಭವ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಕಾರಣವಿದೆ. ಮೊಳೆ ಜೋಡಿಸಿ ಅಚ್ಚು ಹಾಕುವವನು ಬೇಕಾದ ಪ್ರತಿಗಳನ್ನೆಲ್ಲ ಒಮ್ಮೆಲೇ ತೆಗೆಯಬೇಕು. ಸಾವಿರ ಪ್ರತಿ ತೆಗೆದು, ಇನ್ನೂರು ಮಾರಾಟವಾದರೆ ನಷ್ಟ ಅವನದೇ. ಹಲಗೆಯ ಒಡೆಯನಿಗೆ ಆ ಭಯವಿಲ್ಲ. ಈ ವರ್ಷ ಮೂವತ್ತು ಪ್ರತಿ ಸಾಕೆಂದರೆ ಮೂವತ್ತೇ ತೆಗೆಯಬಹುದು, ಹಲಗೆಗಳನ್ನು ಒಣ ಜಾಗದಲ್ಲಿ ಜೋಡಿಸಿಟ್ಟು ಮುಂದೆ ಬೇಕಾದಾಗ ಮತ್ತೆ ಮಸಿ ಸವರಬಹುದು. ಬಂಡವಾಳವಿಲ್ಲದ ಒಂದು ಸಣ್ಣ ಸಮುದಾಯಕ್ಕೆ ಇದಕ್ಕಿಂತ ಅನುಕೂಲವಾದ ಉದ್ಯಮ ಬೇರೊಂದಿರಲು ಸಾಧ್ಯವೇ? ಪುಸ್ತಕವನ್ನು ಸುಟ್ಟರೂ ಹಲಗೆ ಉಳಿದಿದ್ದರೆ ಪುಸ್ತಕ ಮತ್ತೆ ಹುಟ್ಟುತ್ತಿತ್ತು. ಅಧಿಕಾರಿಗಳು ಹಲಗೆಗಳ ಬೆನ್ನು ಹತ್ತಿದ್ದು ಇದಕ್ಕಾಗಿಯೇ.

ಚೀನಾದ ಮುಸ್ಲಿಮರು ಇದನ್ನು ಬೇಗನೆ ಕಂಡುಕೊಂಡರು. 16ನೇ ಶತಮಾನದಲ್ಲಿ ಶಾನ್‌ಶಿಯ ಹು ಡೆಂಗ್‌ಝೌ (1522–1597) ಮಸೀದಿಗಳಲ್ಲಿ ಕ್ರಮಬದ್ಧವಾದ ಮದ್ರಸ ಶಿಕ್ಷಣವನ್ನು ಆರಂಭಿಸಿದರು. ಅಲ್ಲಿಯ ಪಠ್ಯಕ್ರಮವನ್ನು ಓದಿದಾಗ ನಮಗೆ ನಗುವೂ ಬಂತು, ಕಣ್ಣೂ ತುಂಬಿತು. ನಾವು ನಮ್ಮ ಮದ್ರಸದಲ್ಲಿ ನಿದ್ದೆಗೆಟ್ಟು ಓದಿದ ವ್ಯಾಕರಣ ಗ್ರಂಥ ಶರಹೆ ಜಾಮಿ ಅಲ್ಲಿಯೂ ಇದೆ! ಶರಹುಲ್ ವಿಖಾಯ ಇದೆ, ನಸಫಿಯ ಅಖಾಇದ್‌ನ ವ್ಯಾಖ್ಯಾನವಿದೆ, ಬೈಳಾವಿಯ ತಫ್ಸೀರ್ ಇದೆ, ಪಾರ್ಸಿ ಕಲಿಯಲು ಸಾದಿಯ ಗುಲಿಸ್ತಾನ್ ಇದೆ. ಉಸ್ತಾದರನ್ನು ಅವರು ಅಹೊಂಗ್ ಎನ್ನುತ್ತಾರೆ. ಪಾರ್ಸಿಯ ಆಖುಂದ್ ಪದವೇ ಅಲ್ಲಿ ಆ ರೂಪ ಪಡೆದಿದೆ. ಚೀನೀ ಲಿಪಿ ಬಾರದ ವಿದ್ಯಾರ್ಥಿಗಳು ಚೀನೀ ಮಾತನ್ನೇ ಅರಬಿ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕರಾವಳಿಯ ಮದ್ರಸಗಳಲ್ಲಿ ಅರಬಿ-ಮಲಯಾಳಂ ಪುಸ್ತಕಗಳನ್ನು ಓದಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಈ ಅರಬಿ-ಪಾರ್ಸಿ ಗ್ರಂಥಗಳೆಲ್ಲ ಕೈಬರಹದ ಪ್ರತಿಗಳಾಗಿದ್ದವು. ಓದಬಲ್ಲವರು ಅಹೊಂಗರು ಮತ್ತು ಅವರ ಶಿಷ್ಯರು ಮಾತ್ರ. ವ್ಯಾಪಾರಿಗಳು, ಸರಕಾರಿ ಪರೀಕ್ಷೆಗೆ ಕುಳಿತ ತರುಣರು ಚೀನೀ ಭಾಷೆಯನ್ನಷ್ಟೇ ಬಲ್ಲವರು. ಅವರಿಗಾಗಿ ವಾಂಗ್ ಡಾಯ್‌ಯು 1642ರಲ್ಲಿ ಚೀನೀ ಭಾಷೆಯಲ್ಲಿ ಸತ್ಯಧರ್ಮದ ವಿವರಣೆಯೊಂದನ್ನು ಹಲಗೆಯಲ್ಲಿ ಕೆತ್ತಿಸಿ ಹೊರತಂದರು. ಅಲ್ಲಾಹನನ್ನು ಅವರು ಝೆನ್‌ಝು, ಅಂದರೆ ನಿಜವಾದ ಒಡೆಯ, ಎಂದು ಕರೆದರು. ಅನಂತರ ಯುನ್ನಾನಿನ ಮಾ ಝು ಬರೆದರು. ಎಲ್ಲರಿಗಿಂತ ಮಿಗಿಲಾಗಿ ನಾನ್‌ಜಿಂಗಿನ ಲಿಯು ಝಿ ಬರೆದರು. ಈ ಗ್ರಂಥಸಮೂಹವನ್ನು ಹಾನ್ ಕಿತಾಬ್ ಎನ್ನುತ್ತಾರೆ. ಅರ್ಧ ಚೀನೀ, ಅರ್ಧ ಅರಬಿಯಾದ ಆ ಹೆಸರೇ ಎಲ್ಲವನ್ನೂ ಹೇಳುತ್ತದೆ.

ಲಿಯು ಝಿಯವರ ತತ್ತ್ವಗ್ರಂಥ 1704ರಲ್ಲಿ ಸಿದ್ಧವಾಯಿತು. ಕರ್ಮವಿಧಿಗಳ ಗ್ರಂಥ 1710ರಲ್ಲಿ ಹೊರಬಂತು. ಪ್ರವಾದಿ(ಸ)ರ ಜೀವನ ಚರಿತ್ರೆಗಾಗಿ ಆಧಾರಗಳನ್ನು ಅರಸುತ್ತ ಅವರು ಊರೂರು ತಿರುಗಿದರು. ಕೊನೆಗೆ ಹೆನಾನ್ ಪ್ರಾಂತದ ಝುಶಿಯಾನ್ ಎಂಬ ಪಟ್ಟಣದಲ್ಲಿ ಒಂದು ಮನೆಯಲ್ಲಿ ಪಾರ್ಸಿಯ ಸೀರಾ ಗ್ರಂಥ ಅವರ ಕೈಗೆ ಬಂತು. 1724ರಲ್ಲಿ ಚೀನೀ ಕೃತಿ ಪೂರ್ಣಗೊಂಡಿತಾದರೂ ಅವರ ಜೀವಿತಕಾಲದಲ್ಲಿ ಅದು ಅಚ್ಚಾಗಲಿಲ್ಲ. ಅವರ ಮರಣದ ಬಳಿಕ 1770ರ ದಶಕದಲ್ಲಿ ಯುವಾನ್ ಗುವೊಝುವೊ ಅದನ್ನು ಕೆತ್ತಿಸಿದರು. ಹಾಯ್ ಫುರುನನ ಗಂಟಿನಲ್ಲಿದ್ದುದು ಇದೇ ಕೃತಿ.

ಈಗ ಆ ಸೆರೆಮನೆಗೆ ಮರಳೋಣ. ಆಳುತ್ತಿದ್ದವನು ಚಿಯೆನ್‌ಲುಂಗ್ ಚಕ್ರವರ್ತಿ. ಇದೇ ವರ್ಷಗಳಲ್ಲಿ ಅವನು ಸಾಮ್ರಾಜ್ಯದ ಎಲ್ಲ ಮುಖ್ಯ ಗ್ರಂಥಗಳನ್ನು ನಾಲ್ಕು ಭಂಡಾರಗಳಾಗಿ ನಕಲು ಮಾಡಿಸುವ ಮಹಾಕಾರ್ಯವನ್ನು ನಡೆಸುತ್ತಿದ್ದ. ಅದೇ ನೆಪದಲ್ಲಿ ತನಗೆ ಹಿಡಿಸದ ಸಾವಿರಾರು ಗ್ರಂಥಗಳನ್ನು ಹಲಗೆಗಳ ಸಮೇತ ಸುಡಿಸುತ್ತಲೂ ಇದ್ದ. ಒಂದು ಪದದ ಸಂಶಯಕ್ಕಾಗಿ ಲೇಖಕರ ಕುಟುಂಬಗಳು ನಾಶವಾಗಿದ್ದವು. ಅಂತಹವನ ಮುಂದೆ ಝು ಚುನ್‌ನ ವರದಿ ಬಂದಾಗ ಯಾರೂ ಒಳ್ಳೆಯದನ್ನು ನಿರೀಕ್ಷಿಸಿರಲಾರರು.

ಆದರೆ ಚಕ್ರವರ್ತಿಯ ಆಜ್ಞೆ ಬೇರೆಯೇ ಆಗಿತ್ತು. ಇವು ಮುಸ್ಲಿಮರು ಹಿಂದಿನಿಂದಲೂ ಓದುತ್ತ ಬಂದಿರುವ ಗ್ರಂಥಗಳು, ಇವುಗಳಲ್ಲಿ ರಾಜದ್ರೋಹವಿಲ್ಲ, ಇದಕ್ಕಾಗಿ ಜನರನ್ನು ಪೀಡಿಸುವುದು ಸಲ್ಲದು ಎಂಬುದು ಅದರ ಸಾರ. ಝು ಚುನ್‌ಗೆ ಛೀಮಾರಿ ಬಿತ್ತು. ಬಂಧಿತರು ಬಿಡುಗಡೆಯಾದರು, ಪುಸ್ತಕಗಳೂ ಹಲಗೆಗಳೂ ಹಿಂತಿರುಗಿದವು. ಇದನ್ನು ಚಕ್ರವರ್ತಿಯ ಧರ್ಮಸಹಿಷ್ಣುತೆ ಎಂದು ಹೊಗಳುವವರಿದ್ದಾರೆ. ನಮಗೆ ಹಾಗೆ ಅನಿಸುವುದಿಲ್ಲ. ವಾಯವ್ಯದಲ್ಲಿ ಹೊಗೆಯಾಡುತ್ತಿದ್ದ ಬೆಂಕಿಗೆ ತುಪ್ಪ ಸುರಿಯಬಾರದೆಂಬ ರಾಜನೀತಿ ಅದರಲ್ಲಿ ಹೆಚ್ಚು. ಎರಡೇ ವರ್ಷಗಳಲ್ಲಿ ಮತ್ತೊಂದು ದಂಗೆಯಾದಾಗ ಅದೇ ಸರಕಾರ ಕಠೋರವಾಗಿ ವರ್ತಿಸಿತು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚಕ್ರವರ್ತಿಯ ಗ್ರಂಥಭಂಡಾರದ ಸೂಚಿಯಲ್ಲಿ ಲಿಯು ಝಿಯವರ ಕರ್ಮವಿಧಿ ಗ್ರಂಥಕ್ಕೆ ಒಂದು ನಮೂದಿದೆ. ಆಸ್ಥಾನ ಪಂಡಿತರು ಅದರ ಧರ್ಮವನ್ನು ಒಪ್ಪದಿದ್ದರೂ ಅದರ ಭಾಷೆಯನ್ನು ಮೆಚ್ಚಿಕೊಂಡಿದ್ದಾರೆ. ನೆರೆಹೊರೆಯವರ ಭಾಷೆಯಲ್ಲಿ ಚೆನ್ನಾಗಿ ಬರೆಯುವುದು ಎಂತಹ ರಕ್ಷಣೆಯಾಗಬಲ್ಲದೆಂದು ಕನ್ನಡ ಓದಿದ ನಾವು ಇದನ್ನು ಬಹಳ ಹೊತ್ತು ಯೋಚಿಸಿದ್ದೇವೆ.

ಪವಿತ್ರ ಕುರ್‌ಆನನ್ನು ಮಾತ್ರ ಆಗಲೂ ಯಾರೂ ಹಲಗೆಗೆ ಏರಿಸಿರಲಿಲ್ಲ. ಆ ಕಾರ್ಯ ನಡೆದದ್ದು ಯುನ್ನಾನಿನಲ್ಲಿ, ಯುದ್ಧದ ನಡುವೆ. 1856ರಲ್ಲಿ ಅಲ್ಲಿಯ ಮುಸ್ಲಿಮರು ದೌರ್ಜನ್ಯ ತಾಳಲಾರದೆ ದಂಗೆಯೆದ್ದು, ದು ವೆನ್‌ಶಿಯು ಎಂಬವರ ನಾಯಕತ್ವದಲ್ಲಿ ಡಾಲಿ ನಗರವನ್ನು ಕೇಂದ್ರವಾಗಿಸಿ ತಮ್ಮದೇ ಆಡಳಿತ ಸ್ಥಾಪಿಸಿದ್ದರು. 1862ರಲ್ಲಿ ಅವರು ಅರಬಿ ಮೂಲದ ಕುರ್‌ಆನನ್ನು ಹಲಗೆಯಲ್ಲಿ ಕೆತ್ತಿಸಿ ಮುದ್ರಿಸಿದರು. ಚೀನಾದಲ್ಲಿ ಅಚ್ಚಾದ ಮೊದಲ ಕುರ್‌ಆನ್ ಇದೆಂದು ಗುರುತಿಸಲಾಗಿದೆ. ಹತ್ತು ವರ್ಷಗಳ ಬಳಿಕ ಡಾಲಿ ಪತನಗೊಂಡಿತು, ಅಪಾರ ಸಾವುನೋವಾಯಿತು. ಆ ಕಾಲದ ಮಹಾ ವಿದ್ವಾಂಸ ಮಾ ದೆಶಿನ್ 1840ರ ದಶಕದಲ್ಲಿ ಬರ್ಮಾ ಮತ್ತು ಕಲ್ಕತ್ತಾದ ದಾರಿಯಾಗಿ ಹಜ್ಜ್ ಯಾತ್ರೆ ಕೈಗೊಂಡು, ಕೈರೋ ಇಸ್ತಾಂಬುಲ್‌ಗಳನ್ನೂ ಕಂಡು ಬಂದಿದ್ದವರು. ಕುರ್‌ಆನಿನ ಚೀನೀ ಅನುವಾದವನ್ನು ಮೊದಲಿಗೆ ಕೈಗೆತ್ತಿಕೊಂಡವರೂ ಅವರೇ. 1874ರಲ್ಲಿ ಸರಕಾರ ಅವರನ್ನು ಕೊಂದಿತು. ಅನುವಾದದ ಐದು ಜುಝ್‌ಗಳು ಮಾತ್ರ ಉಳಿದವು. ಅವು ಅಚ್ಚಾದದ್ದು 1927ರಲ್ಲಿ, ಶಾಂಘಾಯ್‌ನಲ್ಲಿ.

ಸೋತ ಸಮುದಾಯ ಮತ್ತೆ ಉಳಿಯನ್ನು ಕೈಗೆತ್ತಿಕೊಂಡಿತು. 1895ರಲ್ಲಿ ಕುನ್‌ಮಿಂಗ್‌ನಲ್ಲಿ ಮಾ ದೆಶಿನರ ಶಿಷ್ಯ ಮಾ ಲಿಯಾನ್‌ಯುವಾನ್ ಅವರ ಮೇಲ್ವಿಚಾರಣೆಯಲ್ಲಿ ಮೂವತ್ತು ಜುಝ್‌ಗಳ ಸಂಪೂರ್ಣ ಕುರ್‌ಆನ್ ಮತ್ತೆ ಕೆತ್ತಲ್ಪಟ್ಟಿತು. ಅದಕ್ಕೆ ಬೇಕಾದ ಹಲಗೆಗಳು ಸಾವಿರಕ್ಕೂ ಮಿಕ್ಕಿದ್ದವು. ಅರಬಿ ಲಿಪಿಯನ್ನು ಎಡದಿಂದ ಬಲಕ್ಕೆ ತಿರುವಿ, ಒಂದು ನುಖ್ತಾ ಕೂಡ ಜಾರದಂತೆ ಮರದಲ್ಲಿ ಕೆತ್ತುವುದೆಂದರೇನೆಂದು, ಮಕ್ಕಳಿಗೆ ಅಲಿಫ್ ಬಾ ಕಲಿಸುವ ನಮ್ಮಂಥವರಿಗೆ ಊಹಿಸಲೂ ಭಯವಾಗುತ್ತದೆ.

ಈ ಮಾ ಲಿಯಾನ್‌ಯುವಾನ್ ಅವರಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಲಿಯು ಝಿಯವರ ಚೀನೀ ತತ್ತ್ವಗ್ರಂಥದ ಮೂಲಭಾಗವನ್ನು ಅವರು ಅರಬಿಗೆ ತಂದು ಅದಕ್ಕೆ ಅರಬಿಯಲ್ಲಿಯೇ ವ್ಯಾಖ್ಯಾನ ಬರೆದರು. ಇಸ್ಲಾಮಿನ ಜ್ಞಾನ ಅರಬಿ-ಪಾರ್ಸಿಯಿಂದ ಚೀನೀ ಭಾಷೆಗೆ ಹೋಗುತ್ತಿದ್ದ ದಾರಿಯಲ್ಲಿ ಒಂದು ಕೃತಿ ತಿರುಗಿ ಬಂದ ಅಪರೂಪದ ಉದಾಹರಣೆಯಿದು. ಕೊನೆಗಾಲದಲ್ಲಿ ಭಾರತಕ್ಕೆ ಬಂದಿದ್ದ ಅವರು ಕಾನ್ಪುರದಲ್ಲಿ ಮರಣ ಹೊಂದಿದರು. ಆ ವ್ಯಾಖ್ಯಾನ ಅಚ್ಚಾದದ್ದೂ ಕಾನ್ಪುರದಲ್ಲಿಯೇ. ಲಕ್ನೋ-ಕಾನ್ಪುರಗಳ ಕಲ್ಲಚ್ಚಿನ ಕಿತಾಬುಗಳನ್ನು ನಮ್ಮ ಪೀಳಿಗೆಯವರು ಮದ್ರಸಗಳಲ್ಲಿ ಕಂಡಿದ್ದೇವೆ. ಹಳದಿಗಟ್ಟಿದ ಹಾಳೆ, ಅಂಚಿನಲ್ಲಿ ಓರೆಯಾಗಿ ಇಳಿಯುವ ಹಾಶಿಯ. ಅಂತಹ ಪುಸ್ತಕಗಳ ನಡುವೆ ಒಬ್ಬ ಚೀನೀ ಆಲಿಮರ ಕಿತಾಬೂ ಅಚ್ಚಾಗಿತ್ತೆಂಬುದು ನಮಗೆ ಆಗ ತಿಳಿದಿರಲಿಲ್ಲ.

ಇಷ್ಟರಲ್ಲಿ ಚೀನಾದ ಮುದ್ರಣೋದ್ಯಮ ಬೇರೆ ಹಾದಿ ಹಿಡಿದಿತ್ತು. ಸರಕಾರಿ ಸುದ್ದಿಗಳ ಹಾಳೆಗಳು ಅಲ್ಲಿ ಶತಮಾನಗಳಿಂದ ಇದ್ದವು. ಹೊಸ ಬಗೆಯ ಚೀನೀ ನಿಯತಕಾಲಿಕ ಆರಂಭವಾದದ್ದು 1815ರಲ್ಲಿ ಮಲಾಕ್ಕಾದಲ್ಲಿ, ಕ್ರೈಸ್ತ ಮಿಷನರಿಗಳಿಂದ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವೂ 1843ರಲ್ಲಿ ಮಿಷನರಿಯೊಬ್ಬರ ಕೈಯಿಂದಲೇ ಹುಟ್ಟಿತೆಂಬುದು ಇಲ್ಲಿ ನೆನಪಾಗುತ್ತದೆ. 1872ರಲ್ಲಿ ಶಾಂಘಾಯ್‌ನಲ್ಲಿ ಶೆನ್ ಬಾವೊ ದೈನಿಕ ಆರಂಭವಾಯಿತು, ಸ್ಥಾಪಕ ಒಬ್ಬ ಇಂಗ್ಲಿಷ್ ವ್ಯಾಪಾರಿ. ಕಲ್ಲಚ್ಚು ಬಂತು, ಸೀಸದ ಮೊಳೆ ಬಂತು, ಹಬೆಯ ಯಂತ್ರ ಬಂತು. 1897ರಲ್ಲಿ ಅದೇ ನಗರದಲ್ಲಿ ಕಮರ್ಷಿಯಲ್ ಪ್ರೆಸ್ ಎಂಬ ಸಂಸ್ಥೆ ಚಿಕ್ಕ ಮುದ್ರಣಾಲಯವಾಗಿ ಹುಟ್ಟಿ, ಶಾಲಾ ಪಠ್ಯಪುಸ್ತಕಗಳ ಬಲದಿಂದ ಚೀನಾದ ಅತಿ ದೊಡ್ಡ ಪ್ರಕಾಶನವಾಗಿ ಬೆಳೆಯಿತು. ಹಳ್ಳಿಯ ಹಲಗೆ ಕೆತ್ತುವ ಮನೆಗಳು ಒಂದೊಂದಾಗಿ ಮುಚ್ಚಿದವು. ಪುಸ್ತಕ ಅಗ್ಗವಾಯಿತು, ದೂರದೂರಕ್ಕೆ ತಲುಪಿತು. ಆದರೆ ಅದರ ಬೀಗದ ಕೈ ಈಗ ಮಹಾನಗರದ ಕಂಪನಿಗಳ ಕೈಯಲ್ಲಿತ್ತು.

ಮುಸ್ಲಿಮರು ಹಿಂದೆ ಉಳಿಯಲಿಲ್ಲ. 1906ರಲ್ಲಿ ಬೀಜಿಂಗ್‌ನಲ್ಲಿ ಡಿಂಗ್ ಬಾವೊಚೆನ್ ಎಂಬ ಮುಸ್ಲಿಮರು ದಿನಪತ್ರಿಕೆಯೊಂದನ್ನು ಆರಂಭಿಸಿದರು. ಪಂಡಿತರ ಗ್ರಾಂಥಿಕ ಭಾಷೆಯನ್ನು ಬಿಟ್ಟು ಜನರಾಡುವ ಮಾತಿನಲ್ಲಿ ಬರೆದ ಆ ಪತ್ರಿಕೆ ರಾಜಧಾನಿಯಲ್ಲಿ ಜನಪ್ರಿಯವಾಯಿತು. 1913ರಲ್ಲಿ, ಯುವಾನ್ ಶಿಕಾಯ್ ಅಧ್ಯಕ್ಷನಾಗಿದ್ದಾಗ, ಸೈನಿಕರ ಬಡ ಸಂಬಳ ಮತ್ತು ಅವರು ತೆರುವ ಪ್ರಾಣದ ಬಗ್ಗೆ ಬಂದ ಒಂದು ಬರಹವನ್ನು ಸೇನೆಗೆ ನೀಡಿದ ಕುಮ್ಮಕ್ಕೆಂದು ಆರೋಪಿಸಿ ಡಿಂಗ್ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಪತ್ರಿಕೆ ನಿಂತುಹೋಯಿತು. ಅರಸೊತ್ತಿಗೆಯ ಕಾಲದಲ್ಲಿ ಹಾಯ್ ಫುರುನ್ ಬದುಕಿ ಉಳಿದ, ಗಣರಾಜ್ಯದಲ್ಲಿ ಡಿಂಗ್ ಉಳಿಯಲಿಲ್ಲ.

ಕುರ್‌ಆನ್ ಅನುವಾದದ ವಿಷಯದಲ್ಲಿ ಆದದ್ದು ಇನ್ನೂ ವಿಚಿತ್ರ. ಅಲ್ಲಾಹನ ವಚನವನ್ನು ಅನುವಾದಿಸಲು ಉಲಮಾಗಳು ಅಂಜುತ್ತ ಕುಳಿತಿದ್ದಾಗ, ವ್ಯಾಪಾರದ ಲೋಕ ಕಾಯಲಿಲ್ಲ. 1927ರಲ್ಲಿ ಲಿ ಟಿಯೆಝೆಂಗ್ ಎಂಬ ಮುಸ್ಲಿಮೇತರರು ಜಪಾನೀ ಅನುವಾದವನ್ನು ಆಧರಿಸಿ ಮೊದಲ ಸಂಪೂರ್ಣ ಚೀನೀ ಕುರ್‌ಆನನ್ನು ಹೊರತಂದರು. 1931ರಲ್ಲಿ ಬಂದ ಎರಡನೆಯದಕ್ಕೆ ಹಣ ಕೊಟ್ಟವನು ಶಾಂಘಾಯ್‌ನ ಕೋಟ್ಯಧೀಶ ಸೈಲಾಸ್ ಹಾರ್ಡೂನ್. ಬಗ್ದಾದಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದ ಯಹೂದಿ ಅವನು. ಅನುವಾದಕ ಜಿ ಜುಎಮಿ ಕೂಡ ಮುಸ್ಲಿಮರಲ್ಲ. ಇದನ್ನು ಓದಿ ಸಿಟ್ಟಾಗುವುದು ಸುಲಭ. ನಮಗೆ ಅನಿಸುವುದೇನೆಂದರೆ, ಸಿಟ್ಟಾಗಬೇಕಾದದ್ದು ಅವರ ಮೇಲಲ್ಲ. ಮುಸ್ಲಿಮ್ ವಿದ್ವಾಂಸರೊಬ್ಬರ ಸಂಪೂರ್ಣ ಅನುವಾದ ಬಂದದ್ದು 1932ರಲ್ಲಿ, ವಾಂಗ್ ಜಿಂಗ್‌ಝಾಯ್ ಅವರಿಂದ.

ಈ ವಾಂಗ್ ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಅಹೊಂಗ್ ಆಗಿದ್ದ ಅವರು 1927ರಲ್ಲಿ ಟಿಯಾಂಜಿನ್‌ನಿಂದ ಯಿ ಗುವಾಂಗ್, ಅಂದರೆ ಇಸ್ಲಾಮಿನ ಬೆಳಕು, ಎಂಬ ಪತ್ರಿಕೆ ಆರಂಭಿಸಿದರು. ಬರೆಯುವುದು, ಅನುವಾದಿಸುವುದು, ತಿದ್ದುವುದು ಬಹುಮಟ್ಟಿಗೆ ಅವರೊಬ್ಬರೇ. ಹಂಚುತ್ತಿದ್ದುದು ಉಚಿತವಾಗಿ. ಕುರ್‌ಆನನ್ನು ಅವರು ಒಮ್ಮೆಯಲ್ಲ, ಮೂರು ಬಾರಿ ಹೊಸದಾಗಿ ಅನುವಾದಿಸಿದರು. ಕೊನೆಯದು 1946ರಲ್ಲಿ ಪ್ರಕಟವಾಯಿತು.

1929ರ ನವೆಂಬರಿನಲ್ಲಿ ಬೀಜಿಂಗ್‌ನ ಚೆಂಗ್‌ಡಾ ಎಂಬ ಮುಸ್ಲಿಮ್ ಶಿಕ್ಷಕರ ಶಾಲೆಯಿಂದ ಯುಎಹುವಾ ಪತ್ರಿಕೆ ಹೊರಟಿತು. ಹತ್ತು ದಿನಕ್ಕೊಮ್ಮೆ ಬರುತ್ತಿದ್ದ ಅದು ಆ ಕಾಲದ ನೂರಕ್ಕೂ ಮಿಕ್ಕ ಮ‌ುಸ್ಲಿಮ್ ಪತ್ರಿಕೆಗಳಲ್ಲಿ ಹೆಚ್ಚು ಬಾಳಿಕೆ ಬಂದವುಗಳಲ್ಲೊಂದು. ಕೈರೋದ ಅಲ್ ಅಝ್ಹರ್‌ಗೆ ಹೋದ ವಿದ್ಯಾರ್ಥಿಗಳ ಬರಹಗಳು ಅದರಲ್ಲಿ ಬಂದವು. ಯುನ್ನಾನಿನ ಮಾ ಜಿಯಾನ್ ಅವರಲ್ಲೊಬ್ಬರು. ಶೇಖ್ ಮುಹಮ್ಮದ್ ಅಬ್ದುಹು ಅವರ ತೌಹೀದ್ ಗ್ರಂಥವನ್ನು ಅವರು ಚೀನೀ ಭಾಷೆಗೆ ತಂದರು. 1930ರ ದಶಕದಲ್ಲಿ ಅದನ್ನು ಪ್ರಕಟಿಸಿದ್ದು ಅದೇ ಕಮರ್ಷಿಯಲ್ ಪ್ರೆಸ್. ಕನ್‌ಫ್ಯೂಷಿಯಸ್‌ನ ಉಪದೇಶಗಳನ್ನು ಅರಬಿಗೆ ತಂದು 1935ರಲ್ಲಿ ಕೈರೋದಲ್ಲಿ ಅಚ್ಚು ಹಾಕಿಸಿದವರೂ ಅವರೇ.

ಆದರೆ ಆ ದೊಡ್ಡ ಕಂಪನಿಯೂ ಸುರಕ್ಷಿತವಾಗಿರಲಿಲ್ಲ. 1932ರ ಜನವರಿ 29ರಂದು ಜಪಾನಿನ ವಿಮಾನಗಳು ಶಾಂಘಾಯ್‌ನಲ್ಲಿ ಅದರ ಮುದ್ರಣಾಲಯದ ಮೇಲೆ ಬಾಂಬ್ ಹಾಕಿದವು. ಕೆಲವೇ ದಿನಗಳಲ್ಲಿ ಅದರ ಗ್ರಂಥಾಲಯವೂ ಉರಿದು, ನಾಲ್ಕು ಲಕ್ಷಕ್ಕೂ ಹೆಚ್ಚು ಸಂಪುಟಗಳು ಬೂದಿಯಾದವು. ಬರೆದ ಕಾಗದವನ್ನು ಕಾಲಿನಿಂದ ತುಳಿಯಬಾರದೆಂದು ಬೀದಿಯಲ್ಲಿ ಬಿದ್ದ ಹಾಳೆಗಳನ್ನು ಆಯ್ದು ಗೌರವದಿಂದ ದಹಿಸುವ ಪದ್ಧತಿ ಚೀನೀಯರಲ್ಲಿತ್ತು. ಅಂತಹ ಜನರ ಅಂಗಳಗಳಲ್ಲಿ ಸುಟ್ಟ ಪುಟಗಳ ಚೂರುಗಳು ಬಂದು ಬಿದ್ದವು. ಅದೇ ವರ್ಷದ ಆಗಸ್ಟಿನಲ್ಲಿ ಸಂಸ್ಥೆ ಮತ್ತೆ ಬಾಗಿಲು ತೆರೆಯಿತೆಂಬುದು ಅದರ ಹಿರಿಮೆ.

1937ರಲ್ಲಿ ಯುದ್ಧ ಇಡೀ ದೇಶವನ್ನು ಆವರಿಸಿದಾಗ ಯುಎಹುವಾ ನಿಂತಿತು. ಚೆಂಗ್‌ಡಾ ಶಾಲೆಯ ಉಸ್ತಾದರೂ ವಿದ್ಯಾರ್ಥಿಗಳೂ ಬೀಜಿಂಗ್ ತೊರೆದು ದಕ್ಷಿಣಕ್ಕೆ ಹೊರಟರು. 1938ರಲ್ಲಿ ಹೊಸ ಊರಿನಲ್ಲಿ ಪತ್ರಿಕೆ ಮತ್ತೆ ಅಚ್ಚಾಯಿತು. ಆ ಊರು ಗುಯ್‌ಲಿನ್, ನೂರೈವತ್ತಾರು ವರ್ಷಗಳ ಹಿಂದೆ ಹಾಯ್ ಫುರುನನ ಗಂಟು ಬಿಚ್ಚಿಸಿದ ಊರು.

1949ರ ಬಳಿಕ ಖಾಸಗಿ ಪ್ರಕಾಶನಗಳು ಕೆಲವೇ ವರ್ಷಗಳಲ್ಲಿ ಸರಕಾರದ ಅಧೀನಕ್ಕೆ ಬಂದವು. ಮಾರಾಟ ಶಿನ್‌ಹುವಾ ಎಂಬ ಸರಕಾರಿ ಮಳಿಗೆಗಳ ಪಾಲಾಯಿತು. ಸರಕಾರದ ಪರವಾನಗಿ ಪಡೆದ ಪ್ರಕಾಶನದ ಮೂಲಕವಲ್ಲದೆ ಪುಸ್ತಕ ಹೊರತರುವಂತಿಲ್ಲ ಎಂಬ ನಿಯಮ ಇಂದಿಗೂ ಇದೆ. ಒಂದು ಮಸೀದಿಯವರು ಚಂದಾ ಎತ್ತಿ ಹಲಗೆ ಕೆತ್ತಿಸಿ ಮೂವತ್ತು ಪ್ರತಿ ತೆಗೆಯುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು.

ಮಾ ಜಿಯಾನ್ ಆಗ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಅರಬಿ ಪ್ರಾಧ್ಯಾಪಕರು. ಅವರ ಕುರ್‌ಆನ್ ಅನುವಾದದ ಮೊದಲ ಎಂಟು ಜುಝ್‌ಗಳು ಈ ಬದಲಾವಣೆಯ ವರ್ಷಗಳಲ್ಲಿ ಪ್ರಕಟವಾದವು. ಉಳಿದವುಗಳನ್ನು ಅವರು ಮನೆಯಲ್ಲಿ ತಿದ್ದುತ್ತಲೇ ಇದ್ದರು. 1966ರಿಂದ ಹತ್ತು ವರ್ಷ ನಡೆದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಮಸೀದಿಗಳು ಮುಚ್ಚಿದವು, ದೀನೀ ಗ್ರಂಥಗಳನ್ನು ಮನೆಗಳಿಂದ ಎಳೆದು ತಂದು ಸುಟ್ಟರು. 1978ರಲ್ಲಿ ಮಾ ಜಿಯಾನ್ ತೀರಿಕೊಂಡಾಗ ಸಂಪೂರ್ಣ ಅನುವಾದ ಇನ್ನೂ ಅಚ್ಚಾಗಿರಲಿಲ್ಲ. 1981ರಲ್ಲಿ ಅದು ಬೀಜಿಂಗ್‌ನಲ್ಲಿ ಪ್ರಕಟವಾಯಿತು, ಚೀನೀ ಪಾಠ ಮಾತ್ರ. 1987ರಲ್ಲಿ ಮದೀನಾದ ಮಲಿಕ್ ಫಹದ್ ಮುದ್ರಣಾಲಯ ಅದೇ ಅನುವಾದವನ್ನು ಅರಬಿ ಮೂಲದೊಂದಿಗೆ ಮುದ್ರಿಸಿತು.